ಹಂಪೆಯ ಕುದುರೆಗಳು ಇಳಿದ ರೇವು

ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಹೊರಗೋಡೆಯ ಮುಂದೆ ಒಂದು ಗಳಿಗೆ ನಿಲ್ಲದೆ ಹೋದ ಯಾತ್ರಿಕರು ಇರಲಾರರು. ಕೆಳಗಣ ಸಾಲಿನಲ್ಲಿ ಆನೆಗಳು, ಅದರ ಮೇಲಣ ಸಾಲಿನಲ್ಲಿ ಕುದುರೆಗಳು, ಅದಕ್ಕೂ ಮೇಲೆ ಕಾಲಾಳುಗಳು, ನರ್ತಕಿಯರು, ಹೀಗೆ ಉತ್ಸವದ ಮೆರವಣಿಗೆಯೊಂದು ಗೋಡೆಯುದ್ದಕ್ಕೂ ಕಲ್ಲಿನಲ್ಲಿ ನಡೆದು ಹೋಗುತ್ತಿರುವುದು. ನಾನು ಹೊಸಪೇಟೆಯವನು. ಕಂಪ್ಲಿಯ ಶಾಲೆಯೊಂದರಲ್ಲಿ ೩೪ ವರ್ಷಗಳ ಕಾಲ ಸಂಸ್ಕೃತವನ್ನೂ, ಚರಿತ್ರೆಗೆ ಉಪಾಧ್ಯಾಯರಿಲ್ಲದ ವರ್ಷಗಳಲ್ಲಿ ಚರಿತ್ರೆಯನ್ನೂ ಕಲಿಸಿ, ಕಳೆದ ವರ್ಷ ನಿವೃತ್ತನಾದೆನು. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಕರೆತಂದು ಈ ಗೋಡೆಯನ್ನು ತೋರಿಸಿದ್ದೇನೆ. ಈ ಸಲ ನವರಾತ್ರಿಯ ರಜೆಯಲ್ಲಿ ತೋರಿಸಿದುದು ನನ್ನ ಮಗಳ ಮಗಳಿಗೆ. ಅವಳು ಐದನೆಯ ತರಗತಿಯಲ್ಲಿ ಓದುವ ಹುಡುಗಿ. ಆನೆಗಳನ್ನು ಬಿಟ್ಟು ಕುದುರೆಗಳ ಸಾಲನ್ನೇ ಹಿಡಿದು ಗೋಡೆಯ ಸುತ್ತ ನಡೆದು ಬಂದು ಕೇಳಿದಳು:

“ತಾತಾ, ಇಷ್ಟೊಂದು ಕುದುರೆ ಎಲ್ಲಿಂದ ಬಂದವು?”

“ಹಡಗಿನಲ್ಲಿ ಬಂದವಮ್ಮ.”

“ಹಡಗು ಎಲ್ಲಿ ನಿಲ್ಲುತ್ತಿತ್ತು? ನಮ್ಮ ಹೊಳೆಯಲ್ಲೇ?”

ನಮ್ಮ ಹೊಳೆಯಲ್ಲಿ ಹಡಗು ಎಲ್ಲಿಯದು! ತುಂಗಭದ್ರೆಗೆ ಒಗ್ಗಿದುದು ಹರಗೋಲು. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜ ಯಾತ್ರಿಕ ಡೊಮಿಂಗೊ ಪಾಯೆಸನು ಆನೆಗೊಂದಿಗೆ ದಾಟುವ ಹರಗೋಲನ್ನು ಬಹು ಚೆನ್ನಾಗಿ ವರ್ಣಿಸಿದ್ದಾನೆ: ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನರಿಗೆ ಸ್ಥಳ, ನೆಟ್ಟಗೆ ಹೋಗಲಾರದೆ ಸದಾ ಗಿರಗಿರನೆ ತಿರುಗುತ್ತಲೇ ಸಾಗುವ ನಡೆ. ಇದನ್ನು ಹುಡುಗಿಗೆ ಹೇಳಿ, “ಹಡಗು ನಿಲ್ಲುತ್ತಿದ್ದುದು ಸಮುದ್ರದ ದಡದಲ್ಲಿ, ಹೊನ್ನಾವರದಲ್ಲಿ, ಭಟ್ಕಳದಲ್ಲಿ” ಎಂದೆನು.

“ನೀನು ನೋಡಿದ್ದೀಯಾ?”

ನೋಡಿರಲಿಲ್ಲ. ೩೪ ವರ್ಷಗಳ ಕಾಲ ಈ ಎರಡು ಊರುಗಳ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆದಿದ್ದೆನೇ ಹೊರತು ಆ ದಿಕ್ಕಿಗೆ ಒಮ್ಮೆಯೂ ಹೋಗಿರಲಿಲ್ಲ. ಕೇಳಿದುದನ್ನು ಕಂಡಂತೆ ಹೇಳುವುದು ಉಪಾಧ್ಯಾಯವೃತ್ತಿಯ ಸಣ್ಣ ಪಾಪಗಳಲ್ಲಿ ಒಂದು. ಮನೆಗೆ ಬಂದು ನನ್ನ ಸಹಧರ್ಮಿಣಿಯೊಡನೆ ವಿಚಾರವೆತ್ತಿದಾಗ, ಮದುವೆಯಾದ ವರ್ಷದಿಂದಲೂ ತಾನು ಸಮುದ್ರ ನೋಡಬೇಕೆಂದು ಕೇಳುತ್ತಿರುವುದನ್ನೂ, ನಾನು ‘ರಜೆಯಲ್ಲಿ ನೋಡೋಣ’ ಎನ್ನುತ್ತಲೇ ರಜೆಗಳೆಲ್ಲ ಮುಗಿದುದನ್ನೂ ಅವಳು ಜ್ಞಾಪಿಸಿದಳು. ದೀಪಾವಳಿ ಕಳೆದ ಮೇಲೆ ನಾವು ನಾಲ್ವರು, ಎಂದರೆ ನಾನು, ಆಕೆ, ಮಗಳು ಮತ್ತು ಮೊಮ್ಮಗಳು, ಹೊರಟೆವು.

ಪಯಣದ ವೃತ್ತಾಂತಕ್ಕೆ ಮೊದಲು ಕುದುರೆಯ ವಿಚಾರವಾಗಿ ನಾಲ್ಕು ಮಾತು ಹೇಳದಿದ್ದರೆ ಈ ಯಾತ್ರೆಯ ಉದ್ದೇಶ ವಾಚಕರಿಗೆ ತಿಳಿಯದು. ದಕ್ಷಿಣದ ಹವೆಯೂ ಮೇವೂ ಉತ್ತಮಾಶ್ವಗಳಿಗೆ ಒಗ್ಗುವುದಿಲ್ಲ. ಅಮರಸಿಂಹನೇ ತನ್ನ ಕೋಶದಲ್ಲಿ ಒಳ್ಳೆಯ ಕುದುರೆಗಳನ್ನು ಅವುಗಳ ದೇಶದ ಹೆಸರಿನಿಂದ ಕರೆದಿದ್ದಾನೆ: ವನಾಯು, ಪಾರಸೀಕ, ಕಾಂಬೋಜ, ಬಾಹ್ಲಿಕ. ಇವುಗಳಲ್ಲಿ ಒಂದಾದರೂ ನಮ್ಮ ಸೀಮೆಯದಲ್ಲ. ಪೂರ್ವಕಾಲದಲ್ಲಿ ದಖ್ಖನಿನ ರಾಜರನ್ನು ಅಶ್ವಪತಿ, ಗಜಪತಿ, ನರಪತಿ ಎಂದು ವಿಂಗಡಿಸುತ್ತಿದ್ದರು; ಅಶ್ವಪತಿಗಳು ಉತ್ತರದ ಸುಲ್ತಾನರು, ಗಜಪತಿಗಳು ಒಡ್ಡ ದೇಶದವರು, ವಿಜಯನಗರದವರು ನರಪತಿಗಳು. ನರರು ಎಷ್ಟಿದ್ದರೇನು? ಅಶ್ವಪತಿಯೊಡನೆ ಯುದ್ಧವೆಂದರೆ ಅಶ್ವವೇ ಬೇಕು. ಆದುದರಿಂದ ಹೊರ್ಮುಜ್ ಮತ್ತು ಅರಬ್ ದೇಶದ ರೇವುಗಳಿಂದ ಸಾವಿರಗಟ್ಟಲೆ ಕುದುರೆಗಳು ಕಡಲ ಮೇಲೆ ಬರುತ್ತಿದ್ದುವು. ೧೫೩೫ರ ಹೊತ್ತಿಗೆ ವಿಜಯನಗರದಲ್ಲಿದ್ದ ಫೆರ್ನಾವ್ ನುನೀಜನು, ರಾಯರು ಹೊರ್ಮುಜಿನವೂ ನಾಡಿನವೂ ಸೇರಿ ವರ್ಷವರ್ಷವೂ ೧೩,೦೦೦ ಕುದುರೆಗಳನ್ನು ಕೊಳ್ಳುತ್ತಿದ್ದರೆಂದು ಬರೆದಿದ್ದಾನೆ. ಕುದುರೆಗಳನ್ನು ತಾನೇ ಮಾರುತ್ತಿದ್ದವನ ಲೆಕ್ಕವಿದು ಎಂಬುದನ್ನೂ ನೆನಪಿನಲ್ಲಿಡಬೇಕು.

ನುನೀಜನೇ ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನು ಹೇಳುತ್ತಾನೆ. ಆ ದೊರೆ ಸಾವಿರ ‘ಪರ್ದಾವು’ಗಳಿಗೆ, ಎಂದರೆ ನಮ್ಮ ವರಹಗಳಿಗೆ, ಮೂರರಂತೆ ಕುದುರೆ ಕೊಳ್ಳುತ್ತಿದ್ದನು, ಬದುಕಿದ್ದರೂ ಸರಿಯೆ, ಸತ್ತಿದ್ದರೂ ಸರಿಯೆ! ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ಮಾತ್ರ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಕಡಲಿನಲ್ಲಿ ಎಷ್ಟು ಕುದುರೆಗಳು ಸಾಯುತ್ತಿದ್ದುವೆಂಬುದಕ್ಕೂ, ವರ್ತಕನು ನಷ್ಟಕ್ಕಂಜಿ ಬೇರೆ ರೇವಿಗೆ ತಿರುಗಿಬಿಟ್ಟಾನೆಂದು ದೊರೆ ಎಷ್ಟು ಅಂಜುತ್ತಿದ್ದನೆಂಬುದಕ್ಕೂ ಈ ಬಾಲದ ಕಥೆಗಿಂತ ಬೇರೆ ಪ್ರಮಾಣ ಬೇಡ. ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯವಾದ ‘ಆಮುಕ್ತಮಾಲ್ಯದ’ದ ರಾಜನೀತಿ ಭಾಗದಲ್ಲಿ ರೇವುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದೂ, ಆನೆ ಕುದುರೆಗಳನ್ನು ತರುವ ದೂರದ ವರ್ತಕರನ್ನು ಮನ್ನಿಸಿ, ಅವು ಶತ್ರುಗಳ ಪಾಲಾಗದಂತೆ ಎಚ್ಚರವಹಿಸಬೇಕೆಂದೂ ಹೇಳಿರುವುದು ಇದೇ ಅಂಜಿಕೆಯಿಂದ. ಮೊಮ್ಮಗಳಿಗೆ ಈ ಬಾಲದ ಕಥೆ ಬಹಳ ಹಿಡಿಸಿತು. ಹೊಸಪೇಟೆಯಿಂದ ಹರಿಹರದವರೆಗೂ ಬಸ್ಸಿನಲ್ಲಿ ಅದೇ ಮಾತು.

ಹರಿಹರದ ಮೇಲೆ ಶಿವಮೊಗ್ಗೆಗೆ ಬಂದು ಬಂಧುಗಳ ಮನೆಯಲ್ಲಿ ರಾತ್ರಿ ತಂಗಿ, ಮರುದಿನ ಬೆಳಗ್ಗೆ ಸಾಗರದ ಮಾರ್ಗವಾಗಿ ಹೊರಟೆವು. ಜೋಗದ ಜಲಪಾತವನ್ನು ನೋಡಿದೆವು. ಅದನ್ನು ಕುರಿತು ಬರೆಯದವರಿಲ್ಲವಾದ ಕಾರಣ ನಾನು ಬರೆಯೆನು. ಅಲ್ಲಿಂದ ಮುಂದಿನ ಗೇರುಸೊಪ್ಪೆಯ ಘಟ್ಟವನ್ನು ಮಾತ್ರ ಮರೆಯಲಾರೆ. ಬಂಡೆ ಬಿಸಿಲುಗಳ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಮಧ್ಯಾಹ್ನದಲ್ಲಿಯೇ ಸಂಜೆಯಾದಂತಿದ್ದ ಆ ಕಾಡು ಒಂದು ಬಗೆಯ ದಿಗಿಲನ್ನೇ ತಂದಿತು. ಸಿಂಗಳೀಕಗಳು ವಾಸಿಸುವ ಕಾಡು ಇದು. ಸುತ್ತಿ ಸುತ್ತಿ ಇಳಿಯುವ ರಸ್ತೆಯಲ್ಲಿ ಮಗಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. ಸಹಧರ್ಮಿಣಿ ನಿಂಬೆಯ ಹಣ್ಣನ್ನು ಮೂಸುತ್ತ ಕುಳಿತಳು. ನಾನು ಮಾತ್ರ, ಇಷ್ಟು ದಟ್ಟವಾದ ಘಟ್ಟವನ್ನು ಹಡಗಿನಿಂದಿಳಿದ ಕುದುರೆ ಹೇಗೆ ಹತ್ತಿತು ಎಂದು ಯೋಚಿಸುತ್ತಿದ್ದೆನು. ಮರುಭೂಮಿಯ ಪ್ರಾಣಿ, ಹಲವು ವಾರ ಹಡಗಿನ ಹಲಗೆಯ ಮೇಲೆ ನಿಂತೇ ಬಂದುದು, ಇಳಿದೊಡನೆ ಅದು ಕಂಡುದು ಈ ಒದ್ದೆಯ ಕತ್ತಲೆ. ಕಡಲಲ್ಲಿ ಸತ್ತುವುಗಳ ಬಾಲಕ್ಕೆ ಬೆಲೆ ಸಿಕ್ಕಿತು. ಘಟ್ಟದಲ್ಲಿ ಸತ್ತುವುಗಳ ಗತಿ ಏನಾಯಿತೋ!

ಕುದುರೆಗಳು ಮೇಲೇರುತ್ತಿದ್ದಂತೆ ಈ ಘಟ್ಟಗಳಿಂದ ಕೆಳಗಿಳಿಯುತ್ತಿದ್ದುದು ಮೆಣಸು. ಅಡಕೆಯ ಮರಗಳನ್ನು ತಬ್ಬಿ ಏರಿದ ಮೆಣಸಿನ ಬಳ್ಳಿಗಳು ಇಂದಿಗೂ ದಾರಿಯುದ್ದಕ್ಕೂ ಕಾಣಬರುವುವು. ೧೬ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ‘ಮೆಣಸಿನ ರಾಣಿ’ ಎಂದೇ ಕರೆದರು. ಅವಳ ಊರು ಈಗ ಕಾಡಿನ ನಡುವಣ ಒಂದು ಚತುರ್ಮುಖ ಬಸದಿಯೂ ಕೆಲವು ಹಾಳುಗುಡಿಗಳೂ ಆಗಿ ಉಳಿದಿದೆ. ಹೊತ್ತು ಸಾಲದೆ ನಾವು ಅಲ್ಲಿಗೆ ಹೋಗಲಿಲ್ಲ. ಹೋಗಬೇಕಾಗಿದ್ದಿತು.

ಹೊನ್ನಾವರ ತಲುಪಿದಾಗ ಸಾಯಂಕಾಲ. ಊಟದ ಮನೆಯೊಂದರ ಮಹಡಿಯಲ್ಲಿ ಎರಡು ಕೋಣೆಗಳು ದೊರೆತುವು. ಮರುದಿನ ಬೆಳಗ್ಗೆ ಎದ್ದವನೇ ಬಂದರದ ಕಡೆಗೆ ನಡೆದೆನು. ನಿಜ ಹೇಳಬೇಕೆಂದರೆ ಮೊದಲ ನೋಟಕ್ಕೆ ನನಗೆ ಆಶಾಭಂಗವೇ ಆಯಿತು. ನಾನು ಹಂಪೆಯವನಲ್ಲವೆ? ಹಳೆಯ ಊರೆಂದರೆ ಕಲ್ಲಿನ ಕಂಬ, ಕಲ್ಲಿನ ಬೀದಿ, ನದಿಗಿಳಿಯುವ ಕಲ್ಲಿನ ಸೋಪಾನ ಎಂಬ ಅಭ್ಯಾಸ. ಇಲ್ಲಿ ಕುದುರೆಯಿಳಿದ ಕಟ್ಟೆಯೊಂದನ್ನು ಯಾರಾದರೂ ಬೊಟ್ಟುಮಾಡಿ ತೋರಿಸುವರೆಂದು ನಂಬಿದ್ದೆನು. ಇದ್ದುದು ಬಣ್ಣ ಬಳಿದ ಮೀನುದೋಣಿಗಳ ಸಾಲು, ಒಣಹಾಕಿದ ಬಲೆಗಳು, ಮಂಜುಗಡ್ಡೆಯ ಪೆಟ್ಟಿಗೆಗಳು, ಬುಟ್ಟಿ ಹೊತ್ತ ಹೆಂಗಸರ ಜಗಳದಂತಹ ವ್ಯಾಪಾರ, ಮತ್ತು ನಮ್ಮಂಥ ಸಸ್ಯಾಹಾರಿಗಳನ್ನು ಕ್ಷಣಕಾಲ ಹಿಮ್ಮೆಟ್ಟಿಸುವ ವಾಸನೆ. ಅವುಗಳಾಚೆ ಶರಾವತಿ. ಘಟ್ಟದಲ್ಲಿ ಧುಮುಕಿದ ಹೊಳೆ ಇದೇ ಎಂದರೆ ನಂಬಲಾಗದಷ್ಟು ಅಗಲವಾಗಿ, ಸಾವಧಾನವಾಗಿ, ಆಕಾಶವನ್ನೆಲ್ಲ ತನ್ನಲ್ಲಿ ಹರಡಿಕೊಂಡು ಮಲಗಿದೆ. ಅದರ ಮೇಲೆ ಹೆದ್ದಾರಿಯ ಸೇತುವೆ. ಇನ್ನೊಂದು ಕಡೆ ಕೊಂಕಣ ರೈಲಿನ ಸೇತುವೆ. ರೈಲಿನದು ಎರಡು ಕಿಲೋಮೀಟರುಗಳಿಗಿಂತಲೂ ಉದ್ದ. ಗಾಡಿಯೊಂದು ಅದರ ಮೇಲೆ ಹಾದುಹೋಗುವುದನ್ನು ಮೊಮ್ಮಗಳು ಬಾಯಿ ತೆರೆದುಕೊಂಡು ನೋಡಿದಳು.

ಒಬ್ಬ ಮುದುಕ ಅಂಬಿಗನ ದೋಣಿಯನ್ನು ಗೊತ್ತುಮಾಡಿ ನಾಲ್ವರೂ ಕುಳಿತೆವು. ನನ್ನ ಮಾತಿನ ವರಸೆಯಿಂದಲೇ ವೃತ್ತಿಯನ್ನು ಊಹಿಸಿ ಅವನು ನನ್ನನ್ನು ‘ಮಾಸ್ತರೇ’ ಎಂದು ಕರೆಯತೊಡಗಿದನು. ಹಳೆಯ ಹಡಗುಗಳು ನಿಲ್ಲುತ್ತಿದ್ದ ಜಾಗ ಯಾವುದೆಂದು ಕೇಳಿದೆನು. ಅವನು ಹುಟ್ಟನ್ನು ಎತ್ತಿ ಹಿಡಿದು ನಕ್ಕನು.

“ಅಳಿವೆ ಒಂದೇ ಕಡೆ ನಿಲ್ಲೂದಿಲ್ಲ ಮಾಸ್ತರೇ. ಈ ಮಳೆಗಾಲ ಇಲ್ಲಿದ್ದ ಮರಳು ಮುಂದಿನ ಮಳೆಗಾಲಕ್ಕೆ ಅತ್ಲಾಗೆ ಹೋತದೆ. ನಾ ಸಣ್ಣವನಿದ್ದಾಗಿನ ದಾರಿಯೇ ಈಗಿಲ್ಲ. ನೀವು ರಾಜರ ಕಾಲದ್ದು ಕೇಳ್ತೀರಿ!”

ಅಳಿವೆ ಎಂದರೆ ನದಿಯು ಕಡಲನ್ನು ಸೇರುವ ಬಾಯಿ. ನದಿ ತಂದ ಹೂಳನ್ನು ಕಡಲು ಹಿಂದಕ್ಕೆ ತಳ್ಳುವುದು. ಇವೆರಡರ ಕಾದಾಟದಲ್ಲಿ ಮರಳಿನ ದಿಬ್ಬಗಳು ಎದ್ದು ದೋಣಿಗಳಿಗೆ ಅಪಾಯವಾಗುವುದು. ಆದರೆ ಇದೇ ನದೀಮುಖವೇ ಹಳೆಯ ಹಡಗುಗಳಿಗೆ ಆಶ್ರಯವೂ ಆಗಿದ್ದಿತು. ನಮ್ಮ ಪಶ್ಚಿಮದ ಕರಾವಳಿಯ ಹಳೆಯ ರೇವುಗಳೆಲ್ಲವೂ ಬಹುಮಟ್ಟಿಗೆ ಹೀಗೆ ನದಿಯೊಳಗೆ ತುಸು ಸರಿದು ಕುಳಿತವು. ಕಲ್ಲಿನ ಕಟ್ಟೆಯನ್ನು ಹುಡುಕಿದ ನಾನು ಮೂರ್ಖ. ಇಲ್ಲಿ ರೇವೆಂದರೆ ಈ ನೀರೇ. ಅಂಬಿಗನು ದೋಣಿಯನ್ನು ದಡದ ಕಾಂಡ್ಲಾ ಗಿಡಗಳ ಬಳಿಗೆ ಒಯ್ದನು. ಬೇರುಗಳನ್ನು ನೀರಿನ ಮೇಲೆ ಊರುಗೋಲುಗಳಂತೆ ನಾಟಿಕೊಂಡು ಉಪ್ಪುನೀರಿನಲ್ಲಿಯೇ ಬೆಳೆಯುವ ಈ ಗಿಡಗಳ ನಡುವೆ ಓಡಾಡಲು ಅರಣ್ಯ ಇಲಾಖೆಯವರು ಮರದ ಹಲಗೆಗಳ ದಾರಿಯನ್ನು ಮಾಡಿದ್ದಾರೆ. ಏಡಿಗಳು ಕೆಸರಿನ ತೂತುಗಳಿಂದ ಇಣುಕಿ ನೋಡಿ ಒಳಗೆ ಸರಿಯುತ್ತಿದ್ದುವು. ಮಕ್ಕಳಿರುವವರು ಇದನ್ನು ತಪ್ಪಿಸಬಾರದು.

ಈ ನೀರಿನ ಮೇಲೆ ಕುಳಿತೇ ನಾನು ಮಗಳಿಗೂ ಮೊಮ್ಮಗಳಿಗೂ ಇಬನ್ ಬತೂತನ ವಿಷಯ ಹೇಳಿದೆನು. ಮೊರಾಕ್ಕೋ ದೇಶದ ಈ ಮಹಾಪ್ರವಾಸಿ ೧೩೪೦ರ ದಶಕದಲ್ಲಿ, ಎಂದರೆ ವಿಜಯನಗರವು ಸ್ಥಾಪಿತವಾಯಿತೆನ್ನುವ ೧೩೩೬ರ ತರುವಾಯ ಹತ್ತು ವರ್ಷವೂ ಕಳೆಯುವುದಕ್ಕೆ ಮೊದಲೇ, ಹೊನ್ನಾವರದಲ್ಲಿ ಇದ್ದನು. ಆಗ ಊರನ್ನು ಆಳುತ್ತಿದ್ದವನು ಜಮಾಲುದ್ದೀನ ಮಹಮ್ಮದನೆಂಬ ಸುಲ್ತಾನ. ಆತನಿಗೆ ಮೇಲಿನವನು ‘ಹರ್ಯಬ’ನೆಂಬ ದೊರೆ. ಈ ಹರ್ಯಬನು ನಮ್ಮ ಹರಿಹರನೇ ಇರಬೇಕೆಂದು ಕೆಲವು ವಿದ್ವಾಂಸರ ಊಹೆ. ದೊಡ್ಡ ಹಡಗುಗಳು ಬರುವ ಹಿನ್ನೀರು, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವವರ ಹೊರತು ಬೇರಾರೂ ಕಡಲಿಗಿಳಿಯದಿರುವುದು, ಜನರು ಬೇಸಾಯವಿಲ್ಲದೆ ಕಡಲ ವ್ಯಾಪಾರದಿಂದ ಜೀವಿಸುವುದು, ಇವೆಲ್ಲವನ್ನೂ ಅವನು ಬರೆದಿದ್ದಾನೆ. ಸುಲ್ತಾನನ ಮನೆಯ ಊಟವನ್ನೂ ಬಿಟ್ಟಿಲ್ಲ. ಅನ್ನ, ಅದರ ಮೇಲೆ ತುಪ್ಪ, ಮೆಣಸು ಶುಂಠಿ ನಿಂಬೆ ಮಾವುಗಳ ಉಪ್ಪಿನಕಾಯಿ, ತುತ್ತಿಗೊಮ್ಮೆ ಉಪ್ಪಿನಕಾಯಿಯ ಚೂರು, ಕೊನೆಗೆ ಮೊಸರು! ಹನ್ನೊಂದು ತಿಂಗಳು ತಾನು ರೊಟ್ಟಿಯ ಮುಖವನ್ನೇ ಕಾಣಲಿಲ್ಲವೆಂದು ಅವನು ಹೇಳುವಾಗ, ಮೂರು ದಿನಕ್ಕೇ ಜೋಳದ ರೊಟ್ಟಿಯನ್ನು ನೆನೆಯತೊಡಗಿದ್ದ ನನಗೆ ಆ ಪರದೇಶಿಯ ಮೇಲೆ ಬಹಳ ಕನಿಕರ ಹುಟ್ಟಿತು. ಆದರೂ ಅಲ್ಲಿಯ ತಂಬುಳಿ, ಅಪ್ಪೆಹುಳಿಗಳ ರುಚಿಯನ್ನು ಹೊಗಳದಿದ್ದರೆ ಕೃತಘ್ನನಾಗುವೆನು. ಸಹಧರ್ಮಿಣಿಯು ಊಟದ ಮನೆಯ ಒಡತಿಯಿಂದ ಅಪ್ಪೆಮಿಡಿಯ ಉಪ್ಪಿನಕಾಯಿಯ ಕ್ರಮವನ್ನು ಕೇಳಿ ಬರೆದುಕೊಂಡಿದ್ದಾಳೆ.

ಬತೂತನು ಇನ್ನೊಂದು ಸಂಗತಿಯನ್ನು ಬರೆದಿದ್ದಾನೆ. ತಾನು ಬೇರೆಲ್ಲಿಯೂ ಕಾಣದುದನ್ನು ಈ ಊರಿನಲ್ಲಿ ಕಂಡೆನೆನ್ನುತ್ತಾನೆ. ಗಂಡುಮಕ್ಕಳಿಗೆ ೨೩ ಶಾಲೆಗಳು; ಹೆಣ್ಣುಮಕ್ಕಳಿಗೆ ೧೩ ಶಾಲೆಗಳು. ಊರಿನ ಹೆಂಗಸರಿಗೆಲ್ಲ ಕುರಾನು ಬಾಯಿಗೆ ಬರುತ್ತಿದ್ದಿತಂತೆ. ನಾನು ಪಾಠ ಹೇಳುವ ಧ್ವನಿಯಲ್ಲಿಯೇ ಇದನ್ನು ಹೇಳಿ ಮುಗಿಸಿದೆನು. ಮೊಮ್ಮಗಳು ನೀರಿನಲ್ಲಿ ಕೈಯಾಡಿಸುತ್ತಿದ್ದಳು. ಮಗಳು ದಡದ ಕಡೆ ನೋಡುತ್ತಲೇ ಕೇಳಿದಳು:

“ಹದಿಮೂರು ಶಾಲೆಯೇ ಅಪ್ಪಾ? ಏಳುನೂರು ವರ್ಷದ ಹಿಂದೆಯೇ?”

ಅಷ್ಟೇ. ಆದರೆ ಆ ಪ್ರಶ್ನೆ ಯಾವ ಕಡೆಗೆ ಹೊರಟಿತೆಂಬುದು ನನಗೆ ತಿಳಿಯದೆ ಇರಲಿಲ್ಲ. ೨೦೧೧ರಲ್ಲಿ ಇವಳು ಪಿಯುಸಿಯನ್ನು ಗಣಿತದಲ್ಲಿ ಬಹಳ ಒಳ್ಳೆಯ ಅಂಕಗಳೊಡನೆ ಮುಗಿಸಿದಳು. ಧಾರವಾಡಕ್ಕೆ ಹೋಗಿ ಓದಬೇಕೆಂದು ಬೇಡಿಕೊಂಡಳು. ಕಂಪ್ಲಿಯಲ್ಲಿ ಮನೆಮನೆಗೆ ಹೋಗಿ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿರೆಂದು ಕೈಮುಗಿದು ಕೇಳುತ್ತಿದ್ದ ಇದೇ ನಾನು, ನನ್ನ ಮಗಳಿಗೆ, ಅಷ್ಟು ದೂರ ಹಾಸ್ಟೆಲಿನಲ್ಲಿ ಹೆಣ್ಣುಮಗಳನ್ನು ಬಿಡುವುದಾಗದೆಂದು ಹೇಳಿದೆನು. ಎರಡು ವರ್ಷಕ್ಕೆ ಮದುವೆಯಾಯಿತು. ಕಂಪ್ಲಿಯ ಗದ್ದೆಯ ಮನೆತನ, ಒಳ್ಳೆಯ ಜನ. ಅವಳು ನೆರೆಹೊರೆಯ ಮಕ್ಕಳಿಗೆ ಸಂಜೆಯ ಹೊತ್ತು ಗಣಿತ ಹೇಳಿಕೊಡುತ್ತಾಳೆ. ಈ ವಿಷಯವನ್ನು ನಾವಿಬ್ಬರೂ ಎಂದೂ ಎತ್ತಿರಲಿಲ್ಲ. ಅಂಬಿಗನು ದೋಣಿಯನ್ನು ದಡಕ್ಕೆ ತಿರುಗಿಸಿದನು.

ಮಧ್ಯಾಹ್ನ ಸೇತುವೆ ದಾಟಿ ದಕ್ಷಿಣದ ದಡದ ಕಾಸರಕೋಡಿಗೆ ಹೋದೆವು. ಅಲ್ಲಿಯ ಕಡಲ ತೀರಕ್ಕೆ ಚೊಕ್ಕಟತನಕ್ಕಾಗಿ ೨೦೨೦ರಲ್ಲಿ ‘ನೀಲಿ ಬಾವುಟ’ವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಗಾಳಿಮರಗಳ ತೋಪನ್ನು ದಾಟಿದೊಡನೆ ಕಡಲು. ನನ್ನ ಸಹಧರ್ಮಿಣಿ ಮೊದಲು ಏನೂ ಮಾತನಾಡಲಿಲ್ಲ. ಚಪ್ಪಲಿಯನ್ನು ಬಿಟ್ಟು, ಕೈಮುಗಿದು, ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು ನೀರಿಗೆ ನಡೆದಳು. ತೆರೆ ಬಂದು ಮೊಣಕಾಲಿನವರೆಗೆ ತೋಯಿಸಿದಾಗ ಚಿಕ್ಕ ಹುಡುಗಿಯಂತೆ ಕೂಗಿಕೊಂಡಳು. ಅಂಗೈಯಲ್ಲಿ ನೀರು ತೆಗೆದುಕೊಂಡು ನಾಲಗೆಗೆ ಮುಟ್ಟಿಸಿ, “ಇಷ್ಟು ಉಪ್ಪೇ!” ಎಂದಳು. ನನಗೆ ಪಾಠಶಾಲೆಯ ಹಳೆಯ ಉದಾಹರಣೆಯೊಂದು ಜ್ಞಾಪಕಕ್ಕೆ ಬಂದಿತು. ಸೈಂಧವವೆಂದರೆ ಉಪ್ಪೂ ಹೌದು, ಕುದುರೆಯೂ ಹೌದು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪು ತರಬೇಕು. ಪ್ರಯಾಣಕ್ಕೆ ನಿಂತವನು ಹಾಗೆಂದರೆ ಕುದುರೆ ತರಬೇಕು. ಪ್ರಕರಣದಿಂದ ಅರ್ಥನಿರ್ಣಯವೆಂದು ನಮ್ಮ ಗುರುಗಳು ಇದರಿಂದ ಕಲಿಸುತ್ತಿದ್ದರು. ಸಿಂಧುವೆಂದರೆ ನದಿಯೂ ಹೌದು, ಕಡಲೂ ಹೌದು. ಆ ದಡದಲ್ಲಿ ನಿಂತಾಗ, ಎರಡು ಸೈಂಧವಗಳೂ ನಮ್ಮ ನಾಡಿಗೆ ಬಂದುದು ಇಲ್ಲಿಂದಲೇ ಎನ್ನಿಸಿತು. ಇದು ವ್ಯಾಕರಣವಲ್ಲವೆಂದು ಬಲ್ಲೆ, ವಾಚಕರು ಕ್ಷಮಿಸಬೇಕು.

ದೂರದಲ್ಲಿ ಕಡಲ ನಡುವೆ ಬಸವರಾಜದುರ್ಗವೆಂಬ ನಡುಗಡ್ಡೆಯ ಕೋಟೆ ಕಾಣುತ್ತಿದ್ದಿತು. ಕೆಳದಿಯ ನಾಯಕರ ಕಾಲದ್ದು. ಈ ಕಡಲಿನ ಮೇಲೆ ನಡೆದ ಹೋರಾಟಗಳು ಒಂದೆರಡಲ್ಲ. ೧೫೦೫ರಲ್ಲಿ ಪೋರ್ತುಗೀಜರ ಮೊದಲನೆಯ ವೈಸರಾಯನಾದ ಅಲ್ಮೇಯ್ದನು ಹೊನ್ನಾವರದ ಮೇಲೆ ಬಿದ್ದು ರೇವಿನಲ್ಲಿದ್ದ ಹಡಗುಗಳಿಗೆ ಬೆಂಕಿಯಿಡಿಸಿದನು. ಅವನನ್ನೆದುರಿಸಿದ ಇಲ್ಲಿಯ ನಾವಿಕ ತಿಮ್ಮೋಜನೇ ೧೫೧೦ರಲ್ಲಿ ಅಲ್ಬುಕರ್ಕನ ಜೊತೆಗೂಡಿ ಗೋವೆಯನ್ನು ಅವರಿಗೆ ಹಿಡಿಸಿಕೊಟ್ಟನು. ಗೋವೆ ಅವರದಾದ ಮೇಲೆ ಕುದುರೆಯ ವ್ಯಾಪಾರದ ಬೀಗದ ಕೈಯೂ ಅವರದೇ ಆಯಿತು. ೧೫೪೭ರಲ್ಲಿ ಸದಾಶಿವರಾಯನ ಕಾಲದಲ್ಲಿ, ಗೋವೆಯ ಕುದುರೆಗಳು ವಿಜಯನಗರಕ್ಕೇ ಸಲ್ಲಬೇಕೆಂದು ಒಪ್ಪಂದವಾಯಿತು. ಹದಿನೆಂಟು ವರ್ಷಗಳ ನಂತರ, ೧೫೬೫ರಲ್ಲಿ, ತಾಳಿಕೋಟೆಯ ಯುದ್ಧ; ಆ ಮೇಲೆ ಅಷ್ಟು ಕುದುರೆ ಕೊಳ್ಳುವ ನಗರವೇ ಉಳಿಯಲಿಲ್ಲ. ೧೫೬೯ರಲ್ಲಿ ಹೊನ್ನಾವರವೂ ಪೋರ್ತುಗೀಜರ ಕೈಸೇರಿತು.

ನಮ್ಮ ಸೀಮೆಯ ಮೇಲಿನ ಕಡಲ ಋಣ ಅಲ್ಲಿಗೆ ಹರಿಯಿತೆಂದು ತಿಳಿಯಬಾರದು. ಈ ಶತಮಾನದ ಮೊದಲ ದಶಕದಲ್ಲಿ ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಇದೇ ಜಿಲ್ಲೆಯ ಬೇಲೆಕೇರಿ ಬಂದರಕ್ಕೆ ಇಳಿದು ಪರದೇಶಕ್ಕೆ ಹೋಗುತ್ತಿದ್ದುದನ್ನು ಮರೆತವರಾರು? ಆ ದಿನಗಳಲ್ಲಿ ಹೊಸಪೇಟೆಯ ನಮ್ಮ ಮನೆಯ ತುಳಸಿಯ ಎಲೆಯೂ ಕೆಂಪಾಗಿದ್ದಿತು. ಒಗೆದ ಪಂಚೆ ಒಣಗುವಷ್ಟರಲ್ಲಿ ಕಾವಿಯಾಗುತ್ತಿದ್ದಿತು. ೨೦೧೦ರ ಜುಲೈಯಲ್ಲಿ ರಾಜ್ಯ ಸರ್ಕಾರವು ಬಂದರಗಳಿಂದ ಅದಿರಿನ ರಫ್ತನ್ನು ತಡೆಯಿತು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಕಟ್ಟುಪಾಡುಗಳೊಡನೆ ಗಣಿಗಳು ಮತ್ತೆ ತೆರೆದುವು. ಐದು ನೂರು ವರ್ಷಗಳ ಹಿಂದೆ ಬಾರ್ಬೋಸಾ ಎಂಬ ಪೋರ್ತುಗೀಜನು ಭಟ್ಕಳದಿಂದ ಹೊರ್ಮುಜಿಗೆ ಹೋಗುತ್ತಿದ್ದ ಸರಕುಗಳನ್ನು ಎಣಿಸುವಾಗ ಅಕ್ಕಿ, ಸಕ್ಕರೆಗಳ ಜೊತೆಗೆ ಕಬ್ಬಿಣವನ್ನೂ ಹೇಳಿದ್ದಾನೆ. ಅಂದು ಕಬ್ಬಿಣ ಕೊಟ್ಟು ಕುದುರೆಯನ್ನು ಪಡೆದರು. ಇಂದು ಮಣ್ಣನ್ನೇ ಕೊಟ್ಟು ಸಂಡೂರು ಪಡೆದುದೇನು ಎಂಬುದನ್ನು ಅಲ್ಲಿಯವರೇ ಹೇಳಬೇಕು.

ಸೂರ್ಯಾಸ್ತದ ಹೊತ್ತಿಗೆ ಅಜ್ಜಿಯೂ ಮೊಮ್ಮಗಳೂ ಕಪ್ಪೆಚಿಪ್ಪುಗಳನ್ನು ಆರಿಸುತ್ತ ದೂರ ಹೋದರು. ನಾನೂ ಮಗಳೂ ಮರಳಿನ ಮೇಲೆ ಕುಳಿತಿದ್ದೆವು. ತಂದೆಯಾದವನಿಗೆ ಮಗಳ ಮುಂದೆ ಆ ಒಂದು ಮಾತು ಆಡುವುದು ಎಷ್ಟು ಕಷ್ಟವೆಂಬುದನ್ನು ಆಡಿದವರೇ ಬಲ್ಲರು. “ಧಾರವಾಡದ ವಿಷಯದಲ್ಲಿ ನನ್ನಿಂದ ತಪ್ಪಾಯಿತಮ್ಮ” ಎಂದೆನು. ಅವಳು ತುಸು ಹೊತ್ತು ಸುಮ್ಮನಿದ್ದು ಹೇಳಿದಳು:

“ಅದು ಆಗಿಹೋಯಿತಪ್ಪಾ. ಇವಳ ಕಾಲಕ್ಕೂ ಅದೇ ಮಾತು ಬರುತ್ತದೆ. ನಮ್ಮ ಮಾವನವರು ದೂರದ ಊರಿಗೆ ಒಪ್ಪುವವರಲ್ಲ. ನಿಮ್ಮ ಮಾತೆಂದರೆ ಅವರಿಗೆ ಬೆಲೆಯಿದೆ. ಆಗ ನೀವು ಬಂದು ಮಾತಾಡಬೇಕು.”

ಮಾತಾಡುವೆನೆಂದು ಹೇಳಿದೆನು. ಅವಳು ತಲೆಯಾಡಿಸಿದಳು, ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಮನೆಯ ಮಾತನ್ನು ಹೀಗೆ ಅಚ್ಚಿಗೆ ಕೊಡುವುದು ಸರಿಯೆ ಎಂದು ವಾಚಕರಿಗೆ ತೋರಬಹುದು. ಅವಳನ್ನು ಕೇಳಿಯೇ ಕೊಟ್ಟಿದ್ದೇನೆ. ಕಂಪ್ಲಿಯ ಆ ಮನೆಗೂ ಈ ಪತ್ರಿಕೆ ತಿಂಗಳು ತಿಂಗಳೂ ಹೋಗುವುದು. ಬೀಗರ ಮುಂದೆ ಮುಂದೊಂದು ದಿನ ನಾನು ದಾಕ್ಷಿಣ್ಯದಿಂದ ಜಾರಿಕೊಳ್ಳಬಾರದೆಂದು ಬರೆದಿಟ್ಟಿರುವೆನು.

ಮರುದಿನ ಭಟ್ಕಳ. ದಾರಿಯಲ್ಲಿ ಮುರ್ಡೇಶ್ವರದ ಎತ್ತರದ ಗೋಪುರವನ್ನೂ ಶಿವನ ದೊಡ್ಡ ವಿಗ್ರಹವನ್ನೂ ನೋಡಿದೆವು. ಜನಜಂಗುಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ವಿಜಯನಗರದ ಉಚ್ಛ್ರಾಯದಲ್ಲಿ ರಾಯರ ಮುಖ್ಯ ರೇವುಗಳಲ್ಲಿ ಒಂದಾಗಿದ್ದ ಭಟ್ಕಳಕ್ಕೆ ಒಳನಾಡಿನಿಂದ ವರ್ಷವರ್ಷವೂ ಐದಾರು ಸಾವಿರ ಹೇರೆತ್ತುಗಳು ಹೋಗುತ್ತಿದ್ದುವೆಂದು ಪಾಯೆಸನು ಬರೆದಿದ್ದಾನೆ. ಇಂದು ಅದು ಸಣ್ಣ ಹೊಳೆಯ ಬಾಯಲ್ಲಿನ ಮೀನುಗಾರರ ಬಂದರ. ಆದರೆ ಊರೊಳಗೆ ಕೇತಪೈ ನಾರಾಯಣ ದೇವಸ್ಥಾನವೆಂಬ ಶಿಲ್ಪಭರಿತವಾದ ಗುಡಿಯಿದೆ. ೧೬ನೆಯ ಶತಮಾನದ್ದು, ಗೋಡೆಯಲ್ಲಿ ರಾಮಾಯಣದ ಕಥೆಯನ್ನು ಸಣ್ಣ ಸಣ್ಣ ಬಿಂಬಗಳಲ್ಲಿ ಕೊರೆದಿದ್ದಾರೆ. ಮಳೆಯ ನಾಡಾದ್ದರಿಂದ ಇಳಿಜಾರಾದ ಕಲ್ಲಿನ ಮಾಡು. ನಮ್ಮ ಹಜಾರರಾಮನ ಗೋಡೆಗೆ ಕರಾವಳಿಯಲ್ಲೊಂದು ನೆಂಟಸ್ತಿಕೆ ಸಿಕ್ಕಿತೆಂದು ಸಂತೋಷವಾಯಿತು. ಅರಬ್ ವರ್ತಕರ ಸಂತತಿಯೆಂದು ಹೇಳಿಕೊಳ್ಳುವ ನವಾಯತರು ಊರಿನಲ್ಲಿ ಬಹಳ ಮಂದಿ. ಅವರ ನುಡಿ ಕೊಂಕಣಿಯ ಕಡೆಯದು. ಅದರಲ್ಲಿ ಅರಬಿ ಪಾರಸಿ ಶಬ್ದಗಳು ಬೆರೆತಿವೆ. ಅಂಗಡಿಯೊಂದರಲ್ಲಿ ನೀರು ಕೇಳಿದಾಗ ವೃದ್ಧರೊಬ್ಬರು ಒಳಗೆ ಕೂರಿಸಿ ಷರಬತ್ತು ಕೊಟ್ಟು, ನಾವು ಹಂಪೆಯ ಕಡೆಯವರೆಂದು ತಿಳಿದು, “ನಮ್ಮ ಹಿರಿಯರ ಗಿರಾಕಿಗಳು!” ಎಂದು ನಕ್ಕರು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ನಿಲುವಂಗಿ ತೊಟ್ಟು ಗಡ್ಡ ಬಿಟ್ಟ ಪರದೇಶಿಗಳನ್ನು ಎಷ್ಟು ಸಲ ಮಕ್ಕಳಿಗೆ ತೋರಿಸಿದ್ದೇನೋ! ಷರಬತ್ತಿನ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ.

ಈ ಯಾತ್ರೆಯನ್ನು ಮಾಡುವವರು ಕಾರ್ತೀಕದಿಂದ ಮಾಘದವರೆಗೆ ಹೋಗುವುದು ಒಳಿತು. ಮಳೆಗಾಲದಲ್ಲಿ ಘಟ್ಟವು ಬಹು ರಮಣೀಯವಾದರೂ ಕಡಲಿಗೆ ಕಾಲಿಡಬಾರದು, ದೋಣಿಯೂ ಇಲ್ಲ. ಘಟ್ಟದ ತಿರುವುಗಳಿಗಾಗಿ ನಿಂಬೆಯ ಹಣ್ಣು ಜೊತೆಯಲ್ಲಿರಲಿ.

ಊರಿಗೆ ಬಂದ ಮುಂದಿನ ಭಾನುವಾರ ಮೊಮ್ಮಗಳ ಹಟಕ್ಕಾಗಿ ಮತ್ತೊಮ್ಮೆ ಹಜಾರರಾಮನ ಗೋಡೆಗೆ ಹೋದೆವು. ಅವಳು ಕುದುರೆಗಳ ಸಾಲಿನ ಉದ್ದಕ್ಕೂ ಬಗ್ಗಿ ಬಗ್ಗಿ ನೋಡುತ್ತ, ಬೆರಳು ಮಡಿಸುತ್ತ ಹೋದಳು. ಏನು ಎಣಿಸುತ್ತೀಯೆಂದರೆ ಹೇಳಲಿಲ್ಲ. ಮೂಲೆ ತಿರುಗಿ ಮರೆಯಾದವಳು ಎಷ್ಟೋ ಹೊತ್ತಿನ ಮೇಲೆ ಇನ್ನೊಂದು ಕಡೆಯಿಂದ ಓಡಿಬಂದು ಏದುಸಿರು ಬಿಡುತ್ತ ಹೇಳಿದಳು:

“ಎಲ್ಲಾ ಕುದುರೆಗೂ ಬಾಲ ಇದೆ ತಾತಾ. ಇವೆಲ್ಲಾ ಬದುಕಿ ಬಂದವು.”